ಕಿಟಕಿಯಲ್ಲಿ ಕಾಣುವ ಕೆರೆ ಯಾರಪ್ಪನ ಸ್ವತ್ತು?

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಯಾವ ಕಡಲತೀರಕ್ಕೆ ಹೋಗಬೇಕಾದರೂ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕಾದ ನಮ್ಮ ಬೆಂಗಳೂರಿನಲ್ಲಿ ಈಗ ಮೆಡಿಟರೇನಿಯನ್ ದ್ವೀಪಗಳು ಮಾರಾಟಕ್ಕಿವೆ. ವಾರಾಂತ್ಯದ ಪತ್ರಿಕೆ ಬಿಡಿಸಿದರೆ ಸಾಕು: ಬಿಳಿ ಗೋಡೆ, ನೀಲಿ ಬಾಗಿಲು, ಕಮಾನಿನ ಜಗಲಿ, ಅದರಾಚೆ ಅಲೆಯೇ ಇಲ್ಲದ ನೀಲಿ ನೀರು. ಹೆಸರು ಇಟಲಿಯದೋ ಗ್ರೀಸಿನದೋ ಇರುತ್ತದೆ. ಗದ್ದಲವಿಲ್ಲದ ದ್ವೀಪದ ಬದುಕು ನಿಮ್ಮದಾಗಲಿ ಎಂಬ ಹಾರೈಕೆ ಇರುತ್ತದೆ. ಚಿತ್ರ ಕಲಾವಿದರ ಕಲ್ಪನೆ ಎಂಬ ಮಾತು ಮೂಲೆಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿರುತ್ತದೆ. ಆ ನೀಲಿ ನೀರು ಎಲ್ಲಿಯದು ಎಂದು ಹುಡುಕಿಕೊಂಡು ಹೋದರೆ ಸಿಗುವುದು ಯಾವುದೋ ಹಳ್ಳಿಯ ಕೆರೆ. ಕೆರೆಗೆ ಆ ಹಳ್ಳಿಯ ಹೆಸರಿದೆ. ಜಾಹೀರಾತಿನಲ್ಲಿ ಮಾತ್ರ ಆ ಹೆಸರಿಲ್ಲ. ಅಲ್ಲಿ ಅದು ಬರೀ 'ಲೇಕ್'.

ದುಬಾರಿ ಮನೆ ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ದುಡಿದವರು ಕೊಳ್ಳಲಿ, ನೆಮ್ಮದಿಯಾಗಿರಲಿ. ನನ್ನ ತಕರಾರು ಒಂದೇ. ಆ ಮನೆಯ ಬೆಲೆಯೊಳಗೆ, ಮಾರುವವನದಲ್ಲದ ಒಂದು ವಸ್ತುವಿನ ಬೆಲೆಯೂ ಸೇರಿದೆ. ಅದನ್ನು ಅವನು ಜೇಬಿಗಿಳಿಸುತ್ತಾನೆ, ನಾವು ತುಟಿ ಎರಡು ಮಾಡದೆ ಕೊಡುತ್ತೇವೆ.

ನಾವಿರುವುದು ಚಂದ್ರಾ ಲೇಔಟ್‌ನಲ್ಲಿ, ಮೂವತ್ತು ನಲವತ್ತರ ಸೈಟಿನ ಹಳೆಯ ಮನೆಯಲ್ಲಿ. ನಮ್ಮ ಕಿಟಕಿಯಲ್ಲಿ ಕಾಣುವುದು ಎದುರು ಮನೆಯವರ ಬಟ್ಟೆ ಒಣಗುವ ತಂತಿ, ಒಂದು ಸಂಪಿಗೆ ಮರ, ತಿರುವಿನಲ್ಲಿ ನಿಲ್ಲುವ ತರಕಾರಿ ಗಾಡಿ. ಇದಕ್ಕೆ ಯಾರೂ ನಮ್ಮಿಂದ ದುಡ್ಡು ಕೇಳಿಲ್ಲ. ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗ, ಸರ್ಜಾಪುರ ರಸ್ತೆ ಕಡೆ ಫ್ಲ್ಯಾಟ್ ನೋಡಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದ. ಮಾರಾಟದ ಹುಡುಗ ಮೊದಲು ಕಾಫಿ ಕೊಟ್ಟ, ಆಮೇಲೆ ಬೆಲೆಪಟ್ಟಿ ಕೊಟ್ಟ. 1,650 ಚದರ ಅಡಿಯ ಮನೆ. ಮೂಲ ಬೆಲೆ, ಮಹಡಿ ಏರಿದಂತೆ ಏರುವ ದರ, ಪಾರ್ಕಿಂಗು, ಕ್ಲಬ್ ಹೌಸು. ಇವುಗಳ ನಡುವೆ ಪಿಎಲ್‌ಸಿ ಎಂದು ಒಂದು ಸಾಲು: ಚದರ ಅಡಿಗೆ 400 ರೂಪಾಯಿ.

"ಇದೇನಪ್ಪಾ ಪಿಎಲ್‌ಸಿ?"

"ಪ್ರಿಫರೆನ್ಷಿಯಲ್ ಲೊಕೇಶನ್ ಚಾರ್ಜ್ ಸರ್. ಲೇಕ್ ಫೇಸಿಂಗ್ ಅಲ್ವಾ."

"ಹಿಂದುಗಡೆ ರಸ್ತೆಗೆ ಮುಖ ಮಾಡಿರೋ ಮನೆಗೆ?"

"ಅದಕ್ಕಿಲ್ಲ ಸರ್."

"ಹಾಗಾದ್ರೆ ಕೆರೆ ನಿಮ್ಮದಾ?"

ಹುಡುಗ ನಕ್ಕ. "ಇಲ್ಲ ಸರ್, ಕೆರೆ ಗೌರ್ಮೆಂಟ್‌ದು. ವ್ಯೂ ನಮ್ಮದು."

ತಮ್ಮನ ಮಗ ನನ್ನ ತೋಳು ಮುಟ್ಟಿ ಮೆಲ್ಲಗೆ, "ಎಲ್ಲಾ ಕಡೆ ಹೀಗೇ ಇರತ್ತೆ, ಬಿಡಿ ದೊಡ್ಡಪ್ಪ" ಅಂದ.

ಬಿಡಲಾಗದೆ ಇದನ್ನು ಬರೆಯುತ್ತಿದ್ದೇನೆ. 1,650ನ್ನು 400ರಿಂದ ಗುಣಿಸಿ: 6 ಲಕ್ಷದ 60 ಸಾವಿರ ರೂಪಾಯಿ. ಕೆರೆಗೆ ಮುಖ ಮಾಡಿದ ಇಂಥ ನೂರು ಮನೆಗಳಿದ್ದರೆ 6 ಕೋಟಿ 60 ಲಕ್ಷ. ಇದರಲ್ಲಿ ಒಂದು ರೂಪಾಯಿಯಾದರೂ ಆ ಕೆರೆಗೆ ಹೋಗುತ್ತದೆಯೇ? ಬೆಲೆಪಟ್ಟಿಯಲ್ಲಿ ಅಂಥದ್ದೊಂದು ಸಾಲೇ ಇರಲಿಲ್ಲ. ಕಟ್ಟಡಕ್ಕೆ ಹಾಕಿದ ಸಿಮೆಂಟು, ಕಬ್ಬಿಣ, ಕೂಲಿಗೆ ಬೆಲೆ ಕಟ್ಟಿದರೆ ಒಪ್ಪೋಣ, ಅದು ಅವನು ತಂದದ್ದು. ಕೆರೆಯನ್ನು ಅವನು ತೋಡಿಲ್ಲ, ಏರಿ ಕಟ್ಟಿಲ್ಲ, ಹೂಳೆತ್ತಿಲ್ಲ. ಅದರ ಕಡೆಗೆ ಒಂದು ಬಾಲ್ಕನಿ ತಿರುಗಿಸಿಟ್ಟದ್ದಷ್ಟೇ ಅವನ ಕೆಲಸ. ಪಕ್ಕದ ಮನೆಯವರು ಬೆಳೆಸಿದ ಮಾವಿನ ಮರ ನನ್ನ ಅಂಗಳದಿಂದ ಕಾಣುತ್ತದೆಂದು ಬಾಡಿಗೆದಾರನ ಬಳಿ ನಾನು ಮರದ ಬಾಡಿಗೆ ವಸೂಲಿ ಮಾಡಿದರೆ ಬೀದಿಯವರು ಏನೆನ್ನುತ್ತಾರೆ?

ಕಾನೂನಾದರೂ ಇದನ್ನು ಒಪ್ಪುವಂತಿದೆಯೇ? ಹಿಮಾಚಲದಲ್ಲಿ ಬಿಯಾಸ್ ನದಿಯ ದಂಡೆಯ ಜಾಗ ಹಿಡಿದಿದ್ದ ಹೋಟೆಲ್ಲಿನ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತತ್ವವನ್ನು ಎತ್ತಿ ಹಿಡಿಯಿತು: ನದಿ, ಕಾಡು, ಕಡಲ ದಂಡೆಯಂಥವುಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ. ಈ ತತ್ವದ ಬೇರನ್ನು ನ್ಯಾಯಾಲಯ ಗುರುತಿಸಿದ್ದು ಹಳೆಯ ರೋಮನ್ ಕಾನೂನಿನಲ್ಲಿ. ಗಾಳಿ, ಹರಿಯುವ ನೀರು, ಸಮುದ್ರ, ಅದರ ದಂಡೆ ಎಲ್ಲರಿಗೂ ಸೇರಿದ್ದೆಂದು 6ನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಬರೆಸಿದ ಕಾನೂನು ಅದು. ಜಾಹೀರಾತಿನವರು ಮೆಡಿಟರೇನಿಯನ್ನಿನಿಂದ ನೀಲಿ ಬಣ್ಣವನ್ನೂ ಕಮಾನನ್ನೂ ತಂದರು. ಅದೇ ಸಮುದ್ರದ ದಂಡೆಯಲ್ಲಿ ಬರೆದಿಟ್ಟ ಈ ಕಾನೂನನ್ನು ಮಾತ್ರ ಅಲ್ಲೇ ಬಿಟ್ಟು ಬಂದರು.

ಇನ್ನೊಂದು ತೀರ್ಪು 2010ರದು, ಮಹಾರಾಷ್ಟ್ರದ ಪ್ರಕರಣ. ವಸತಿ ಸಮುಚ್ಚಯದ ಬಯಲು ಪಾರ್ಕಿಂಗ್ ಜಾಗವನ್ನು, ಕಂಬಗಳ ನಡುವಿನ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ್ದೆಂದು ಸುಪ್ರೀಂ ಕೋರ್ಟ್ ಹೇಳಿತು. ತಾನೇ ಕಟ್ಟಿದ ಕಟ್ಟಡದ ತಳದಲ್ಲಿ ಎಲ್ಲರಿಗೂ ಸೇರಿದ ಜಾಗವನ್ನೇ ಮಾರಲು ಬಾರದವನು, ಕಾಂಪೌಂಡಿನಾಚೆಗಿನ ಊರ ಕೆರೆಯನ್ನು ಚದರ ಅಡಿ ಲೆಕ್ಕದಲ್ಲಿ ಮಾರಬಹುದು ಎಂಬುದು ಯಾವ ನ್ಯಾಯ?

ನಿಜವಾದ ಮೆಡಿಟರೇನಿಯನ್ ದ್ವೀಪದ ಸುದ್ದಿಯನ್ನೂ ಕೇಳಿ. ಗ್ರೀಸಿನ ಪಾರೋಸ್ ದ್ವೀಪದಲ್ಲಿ 2023ರ ಬೇಸಿಗೆಯಲ್ಲಿ ಸ್ಥಳೀಯರು ಬೀದಿಗಿಳಿದರು. ಕಡಲತೀರದ ಉದ್ದಕ್ಕೂ ಬಾರಿನವರು ಬಾಡಿಗೆ ಕುರ್ಚಿ, ಛತ್ರಿ ಹೂಡಿ, ಊರಿನವರಿಗೆ ಒಂದು ಟವೆಲ್ ಹಾಸಲೂ ಜಾಗ ಬಿಟ್ಟಿರಲಿಲ್ಲ. ಜನ ತೀರದಲ್ಲೇ ಮೆರವಣಿಗೆ ಹೊರಟರು. ಪತ್ರಿಕೆಗಳು ಅದನ್ನು ಟವೆಲ್ ಚಳವಳಿ ಎಂದು ಕರೆದವು. ಅದು ಬೇರೆ ದ್ವೀಪಗಳಿಗೂ ಹಬ್ಬಿತು. ಮರುವರ್ಷ ಅಲ್ಲಿನ ಸರ್ಕಾರ ಹೊಸ ಕಾಯ್ದೆ ತಂದು, ಬಾಡಿಗೆಗೆ ಕೊಟ್ಟ ತೀರದಲ್ಲೂ ಬಹುಪಾಲು ಜಾಗ ತೆರವಾಗಿರಬೇಕೆಂದಿತು. ನಾವು ಯಾವ ಬದುಕನ್ನು ನಕಲು ಮಾಡಲು ಕೋಟಿಗಟ್ಟಲೆ ಸುರಿಯುತ್ತಿದ್ದೇವೋ, ಆ ಬದುಕಿನ ಜನ ತಮ್ಮ ನೀರಿನ ದಂಡೆಗಾಗಿ ಬೀದಿಯಲ್ಲಿದ್ದಾರೆ.

ಇಷ್ಟಕ್ಕೂ ಕೆರೆ ಎಂದರೆ ಏನೆಂದು ನಮ್ಮ ನುಡಿಗೇ ಗೊತ್ತಿದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಕಾಲುವೆ, ಹೂಳು, ನೀರುಗಂಟಿ. ಈ ಒಂದೊಂದು ಪದವೂ ಒಂದು ಕೆಲಸದ ಹೆಸರು, ಇಲ್ಲವೇ ಕೆಲಸ ಮಾಡುವ ಭಾಗದ ಹೆಸರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತುವ ನೀರುಗಂಟಿಗೆ ಸುಗ್ಗಿಯಲ್ಲಿ ಕಾಳಿನ ಪಾಲು. ಬೇಸಿಗೆಯಲ್ಲಿ ಅಂಗಳ ಒಣಗಿದರೆ ಹೂಳು ಹೊಲಕ್ಕೆ, ಮಣ್ಣು ಕುಂಬಾರನಿಗೆ, ಹುಲ್ಲು ದನಕ್ಕೆ. ಕೆರೆ ಒಣಗುವುದೂ ಅದರ ಕೆಲಸದ ಒಂದು ಭಾಗವಾಗಿತ್ತು. 'ಕೆರೆಗೆ ಹಾರ' ಕಥನಗೀತೆಯಲ್ಲಿ, ಹನಿ ನೀರು ಬಾರದ ಕೆರೆಗೆ ಗೌಡರ ಮನೆಯವರು ಸೊಸೆ ಭಾಗೀರಥಿಯನ್ನೇ ಆಹುತಿ ಕೊಡುತ್ತಾರೆ. ಆ ಕ್ರೌರ್ಯವನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಊರಿನ ಉಸಿರು ಕೆರೆಯ ನೀರಿನಲ್ಲಿತ್ತು ಎಂಬುದು ಆ ಕಥೆಯಿಂದ ತಿಳಿಯುತ್ತದೆ.

ಆಮೇಲೆ ಕಾವೇರಿಯೂ ಕೊಳವೆಯೂ ಬಂದವು, ಕೆರೆ ಕೆಲಸ ಕಳೆದುಕೊಂಡಿತು. ಕೆಲಸವಿಲ್ಲದ ಕೆರೆ ನಗರದ ಕಣ್ಣಿಗೆ ಖಾಲಿ ಸೈಟಾಗಿ ಕಂಡಿತು. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ, ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕೊಳ ಉಳಿಯಿತು. ನಮ್ಮ ಪಶ್ಚಿಮದ ಕಡೆಯೂ ಇದೇ ಕಥೆ: ರಾಜಾಜಿನಗರದ ಕಡೆ ಕೇತಮಾರನಹಳ್ಳಿ ಕೆರೆ ಬಡಾವಣೆಯಲ್ಲಿ ಕರಗಿಹೋಯಿತು, ಬಸವೇಶ್ವರನಗರದ ಪಕ್ಕದ ಸಾಣೆಗುರುವನಹಳ್ಳಿ ಕೆರೆಯ ಜಾಗದಲ್ಲಿ ಎದ್ದದ್ದು, ತಮಾಷೆಯೆಂದರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡ. ಕೋಳಿವಾಡ ಅವರ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಲೆಕ್ಕ ಹಾಕಿದ ಕೆರೆ ಒತ್ತುವರಿ 10 ಸಾವಿರ ಎಕರೆಗೂ ಹೆಚ್ಚು.

ಈಗ ಮೂರನೆಯ ಕಾಲ. ಈಗ ಕೆರೆ ಒಂದು ಚಿತ್ರಪಟ. ಸೈಟು ಮಾಡುವುದಕ್ಕಿಂತ ಇದು ಮೇಲಲ್ಲವೇ, ನೀರಾದರೂ ಉಳಿಯುತ್ತದಲ್ಲ ಎಂದು ನೀವು ಕೇಳಬಹುದು. ಆದರೆ ಚಿತ್ರಪಟಕ್ಕೆ ಬೇರೆಯೇ ಬೇಡಿಕೆಗಳಿವೆ. ವರ್ಷವಿಡೀ ತುಂಬಿರಬೇಕು, ಮಳೆ ಇಲ್ಲದಾಗ ಎಲ್ಲಿಯ ನೀರು ಎಂದು ಕೇಳಬಾರದು. ಸುತ್ತ ಬೋಗುಣಿಯ ಅಂಚಿನಂತೆ ಕಲ್ಲು ಕಟ್ಟಿರಬೇಕು. ಜೊಂಡು, ಕೆಸರು, ಎಮ್ಮೆ ಕಾಣಬಾರದು. ಈ ಶತಮಾನದ ಮೊದಲ ದಶಕದಲ್ಲಿ ಸರ್ಕಾರವೇ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು 15 ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಕೊಡಲು ಹೊರಟಿತ್ತು. ಅದನ್ನು ಪ್ರಶ್ನಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. ಇಂದು ಗುತ್ತಿಗೆಯೂ ಬೇಕಿಲ್ಲ. ಕೆರೆಯನ್ನು ಸರ್ಕಾರದ ಬಳಿಯೇ ಬಿಟ್ಟು ಅದರ ನೋಟವನ್ನು ಮಾರಿದರಾಯಿತು. ಖರ್ಚು ಊರಿನದು, ಲಾಭ ಒಬ್ಬನದು.

ಈ ವ್ಯಾಪಾರದಲ್ಲಿ ನೀರಿನ ಮೇಲೆ ಪ್ರೀತಿ ಎಷ್ಟಿದೆ ಎಂದು ತಿಳಿಯಲು ನಮ್ಮ ಕಡೆಗೆ ಬನ್ನಿ. ಬೆಂಗಳೂರಿಗೆ ನದಿ ಇಲ್ಲ ಎನ್ನುತ್ತಾರೆ. ನಮ್ಮ ಪಶ್ಚಿಮಕ್ಕೆ ಇದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆಂದು ನಂಬಿಕೆಯಿರುವ ವೃಷಭಾವತಿ, ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಮೈಸೂರು ರಸ್ತೆಯ ಜೊತೆಜೊತೆಗೆ ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಕಡೆಯ ಬೈರಮಂಗಲ ಕೆರೆ ತುಂಬಿ, ಕನಕಪುರದ ಬಳಿ ಅರ್ಕಾವತಿಯನ್ನು ಸೇರುತ್ತದೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೊರಟರೆ ಎತ್ತರದ ಹಳಿಯ ಮೇಲಿಂದ ಅದು ಕಾಣುತ್ತದೆ. ಅದರ ಅಂಚಿನಲ್ಲಿ ಸಾಲುಸಾಲು ವಸತಿ ಕಟ್ಟಡಗಳಿವೆ. 'ರಿವರ್ ವ್ಯೂ' ಎಂದು ಎಲ್ಲಾದರೂ ಒಂದು ಫಲಕ ನೋಡಿದ್ದೀರಾ? ನಾನು ನೋಡಿಲ್ಲ. ಅಲ್ಲಿ ನೀರಿನ ಕಡೆಗಿನ ಕಿಟಕಿ ಮುಚ್ಚಿರುತ್ತದೆ, ವಾಸನೆಗೆ. ಅಲ್ಲಿ ಪಿಎಲ್‌ಸಿ ಇಲ್ಲ; ಆ ದಿಕ್ಕಿನ ಮನೆ ಬೇಡ ಎನ್ನುವವರೇ ಹೆಚ್ಚು.

ಈ ನದಿಯನ್ನು ಹೀಗೆ ಮಾಡಿದ್ದು ಯಾರು? ನಾವೇ, ಪಶ್ಚಿಮ ಬೆಂಗಳೂರಿನವರು: ನಮ್ಮ ಬಚ್ಚಲು, ನಮ್ಮ ಪಾಯಿಖಾನೆ, ಪೀಣ್ಯದ ಕಾರ್ಖಾನೆ. ಪೂರ್ವದಲ್ಲಿ ಇದೇ ಕೆಲಸಕ್ಕೆ ಬೆಳ್ಳಂದೂರು ಕೆರೆ ಸಿಕ್ಕಿತು. ಅಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು, 2018ರ ಜನವರಿಯಲ್ಲಿ ಹೊತ್ತಿದ ಬೆಂಕಿ ಆರಿಸಲು ಸೈನಿಕರು ಇಳಿಯಬೇಕಾಯಿತು. ಒಂದು ಕೆರೆ ಚಂದ ಕಾಣಬೇಕಾದರೆ ಅದರ ಸುತ್ತಲಿನ ಮನೆಗಳ ಕೊಳಕು ಇನ್ನೆಲ್ಲಿಗೋ ಹೋಗಬೇಕು. ಎಲ್ಲಿಗೆ? ಯಾರ ಕಿಟಕಿಗೂ ಬೆಲೆ ಇಲ್ಲದ ಕಡೆಗೆ. ಬೈರಮಂಗಲದ ರೈತರು ದಶಕಗಳಿಂದ ಈ ಕಪ್ಪು ನೀರಿನಲ್ಲೇ ಹುಲ್ಲು, ಬೇಬಿ ಕಾರ್ನ್ ಬೆಳೆದು ಮತ್ತೆ ನಮಗೇ ಮಾರುತ್ತಿದ್ದಾರೆ. ನೋಟಕ್ಕೆ ಬೆಲೆ ಕಟ್ಟುವ ಪೇಟೆ, ಅವರ ಮೂಗಿಗೆ ಬಡಿಯುವ ವಾಸನೆಗೆ ಪರಿಹಾರ ಕಟ್ಟುವುದಿಲ್ಲ.

ನೀರು ಕಾಣುವ ಮನೆಗೆ ನೀರು ಸಿಗುತ್ತದೆ ಎಂದೂ ಅಲ್ಲ. 2024ರ ಬೇಸಿಗೆ ನೆನಪಿದೆಯಲ್ಲ? ಸರ್ಕಾರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. ಕೆರೆ ಕಾಣುವ ಸಮುಚ್ಚಯಗಳ ಗೇಟಿನಲ್ಲೂ ಟ್ಯಾಂಕರ್ ಸಾಲುಗಟ್ಟಿದ್ದವು. ಅದಕ್ಕೆ ಎರಡು ವರ್ಷ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಅದೇ ಪೂರ್ವದ ದಿಕ್ಕಿನಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳೊಳಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರತರಬೇಕಾಯಿತು. ಕಾಲುವೆ ಮುಚ್ಚಿದರೆ ಕೆರೆಯೇ ಮನೆ ನೋಡಲು ಬರುತ್ತದೆ. ನಮ್ಮ ಕಡೆ ಕುರುಬರಹಳ್ಳಿಯಲ್ಲಿ 2017ರ ಮಳೆಗೆ ರಾಜಕಾಲುವೆಯಲ್ಲಿ ಜನ ಕೊಚ್ಚಿಹೋದರು. ಅವರ ಮನೆಗಳಿಗೆ 'ವಾಟರ್‌ಫ್ರಂಟ್' ಎಂದು ಯಾರೂ ಹೆಸರಿಟ್ಟಿರಲಿಲ್ಲ.

ಇಷ್ಟಾದರೂ ಕೆರೆಗೂ ಕಟ್ಟಡಕ್ಕೂ ನಡುವಿನ ಅಂತರ ಹಿಗ್ಗಲಿಲ್ಲ. ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ಮಾಸ್ಟರ್ ಪ್ಲಾನ್ ಬದಲಿಸುವ ಅಧಿಕಾರ ಮಂಡಳಿಗಿಲ್ಲ ಎಂದು 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಳೆಯ 30 ಮೀಟರ್ ಉಳಿಯಿತು. ಆ 30 ಮೀಟರನ್ನೂ ದೊಡ್ಡ ಕೆರೆಗಳಿಗಷ್ಟೇ ಉಳಿಸಿ, ಕೆರೆ ಚಿಕ್ಕದಾದಷ್ಟೂ ಅಂತರವನ್ನೂ ಚಿಕ್ಕದು ಮಾಡುವ ಮಸೂದೆಯನ್ನು 2025ರಲ್ಲಿ ರಾಜ್ಯ ಸರ್ಕಾರ ತಂದಿತು. ಸಣ್ಣ ಕೆರೆಯೇ ಮೊದಲು ಸಾಯುವುದೆಂದು ಗೊತ್ತಿದ್ದೂ ಹೀಗೆ.

ಎದುರು ವಾದವೊಂದಿದೆ, ಅದು ಹುಸಿಯಲ್ಲ. ಕೆರೆಯೆದುರಿಗೆ ಮನೆ ಇರುವವರೇ ಕೆರೆಗಾಗಿ ಹೋರಾಡುತ್ತಾರೆ ಎಂಬುದು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು ಕೈಯಾರೆ ದುಡಿದು, ಕಚೇರಿಯಿಂದ ಕಚೇರಿಗೆ ಅಲೆದು ಉಳಿಸಿಕೊಂಡರು. ಅವರಿಗೆ ನನ್ನ ನಮಸ್ಕಾರ. ಆದರೆ ಗಮನಿಸಿ, ಕೆರೆ ಉಳಿದದ್ದು ಅವರ ಶ್ರಮದಿಂದ, ಬಿಲ್ಡರಿಗೆ ಕೊಟ್ಟ ನೋಟದ ದರದಿಂದಲ್ಲ. ಬಿಲ್ಡರಿಗೆ ಒಂದು ಸಲ ಕೊಟ್ಟು, ಆಮೇಲೆ ಕೆರೆ ಉಳಿಸಲು ಮತ್ತೊಂದು ಸಲ ಚಂದಾ ಎತ್ತುವ ಕರ್ಮ ಅವರಿಗೇಕೆ?

ಆದ್ದರಿಂದ ನನ್ನ ಬೇಡಿಕೆ ನೇರವಾಗಿದೆ. ಕೆರೆಯ ನೋಟದ ಹೆಸರಿನಲ್ಲಿ ವಸೂಲಾಗುವ ಪ್ರತಿ ರೂಪಾಯಿಯೂ ಆ ಕೆರೆಯ ಖಾತೆಗೆ ಹೋಗುವಂತೆ ಕಾನೂನಾಗಲಿ. ಹಾಗೆ ಮಾಡಿದರೆ ಬಿಲ್ಡರ್ ಆ ಸಾಲನ್ನು ಅಳಿಸಿ ಮೂಲ ಬೆಲೆಯಲ್ಲೇ ಸೇರಿಸುತ್ತಾನೆ ಎನ್ನುತ್ತೀರಾ? ಸೇರಿಸಲಿ. ಕೆರೆಯಂಚಿನಿಂದ ದೂರ ಅಳೆದು, ಹತ್ತಿರದ ಕಟ್ಟಡಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ ಎಂದು ಬಿಲ್ಡರಿನಿಂದಲೇ ನಕ್ಷೆ ಮಂಜೂರಾತಿಯ ಹೊತ್ತಿಗೆ ಕಟ್ಟಿಸಿಕೊಳ್ಳಲಿ. ಆ ಹಣ ಮೊದಲು ಹೋಗಬೇಕಾದ್ದು ಕೆರೆಗೆ ಬರುವ ಕಾಲುವೆಗೆ, ಒಳಚರಂಡಿಗೆ. ಕಮಾನಿಗೆ, ಕಾರಂಜಿಗೆ, ಸೆಲ್ಫಿ ತಾಣಕ್ಕಲ್ಲ. ಅದರಲ್ಲೊಂದು ಪಾಲು ಕೋಡಿಯ ಕೆಳಗಿನ ಕೆರೆಗೆ, ಯಾರೂ ನೋಡಬಯಸದ ನೀರಿಗೆ ಹರಿಯಬೇಕು. ಕೆರೆಯ ನೀರು ಹರಿಯುವ ಕ್ರಮವೇ ಹಾಗಲ್ಲವೇ? ಖರ್ಚಿನ ಲೆಕ್ಕ ವರ್ಷಕ್ಕೊಮ್ಮೆ ಏರಿಯ ಮೇಲೆ ಫಲಕದಲ್ಲಿರಬೇಕು, ಕನ್ನಡದಲ್ಲಿ. ಸಮುಚ್ಚಯದಿಂದ ಕೆರೆಗೆ ಖಾಸಗಿ ಗೇಟು ಇರಕೂಡದು.

ಕಾನೂನು ಬರುವವರೆಗೆ ಕೊಳ್ಳುವವರ ಕೈಯಲ್ಲೂ ಕೆಲವು ಪ್ರಶ್ನೆಗಳಿವೆ. ಈ ಕೆರೆಯ ಹೆಸರೇನು? ಗ್ರಾಮನಕ್ಷೆಯಲ್ಲಿ ಅದರ ಗಡಿ ಎಲ್ಲಿ, ರಾಜಕಾಲುವೆ ಎಲ್ಲಿ? ನನ್ನ ಪಾಯಿಖಾನೆಯ ನೀರು ಎಲ್ಲಿಗೆ ಹೋಗುತ್ತದೆ? ನಿಮ್ಮದಲ್ಲದ ಕೆರೆಗೆ ನಾನು ನಿಮಗೇಕೆ ಹಣ ಕೊಡಬೇಕು? ನಾಲ್ಕಕ್ಕೂ ಉತ್ತರ ಬರುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡಿ. ಚೌಕಾಸಿ ಮಾಡುವುದರಲ್ಲಿ ನಮ್ಮವರು ಹಿಂದೆ ಬಿದ್ದವರೇನಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಹೆಚ್ಚಾದರೆ ಮುಂದಿನ ಗಾಡಿಗೆ ಹೋಗುತ್ತೇವೆ. 6 ಲಕ್ಷ 60 ಸಾವಿರಕ್ಕೆ ಒಂದು ಮಾತು ಕೇಳಲಾಗದೇ?

ಕೇಳಿದ್ದರಿಂದ ಬಿಲ್ಡರು ಮುಳುಗುವುದಿಲ್ಲ. ನೂರು ಜನ ಕೇಳಿದರೆ ಬೆಲೆಪಟ್ಟಿಯ ಆ ಸಾಲು ಅಲುಗಾಡುತ್ತದೆ, ಸಾವಿರ ಜನ ಕೇಳಿದರೆ ವಿಧಾನಸೌಧದಲ್ಲೂ ಕೇಳಿಸುತ್ತದೆ. ನೀರಿಗೆ ಎದುರಾಗಿ ಬದುಕುವ ಆಸೆ ತಪ್ಪಲ್ಲ, ಅದು ಎಲ್ಲ ಮನುಷ್ಯರ ಆಸೆ. ಮೈಸೂರು ರಸ್ತೆಯ ಅಂಚಿನ ಬಾಡಿಗೆ ಮನೆಯಲ್ಲಿರುವವರಿಗೂ ಅದೇ ಆಸೆ ಇದೆ. ವೃಷಭಾವತಿಯ ಕಡೆಗಿನ ಅವರ ಕಿಟಕಿಯನ್ನು ಮೂಗು ಮುಚ್ಚಿಕೊಳ್ಳದೆ ತೆರೆಯುವಂತಾಗುವವರೆಗೆ, ಈ ಊರಿನಲ್ಲಿ ನೀರಿನ ನೋಟಕ್ಕೆ ದರ ಹೇಳುವ ಹಕ್ಕು ಯಾರಿಗೂ ಇಲ್ಲ.